ಜ್ವರ ಬಿಟ್ಟ ಮೇಲೆ ನಾಯಿಯ ಹೊಟ್ಟೆ ಕೆಟ್ಟರೆ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ನಮ್ಮ ನಾಯಿ ಬಂಟನಿಗೆ ಉಣುಗು (ಉಣ್ಣಿ) ಕಚ್ಚಿ ಬರುವ ಉಣುಗು ಜ್ವರದ ಔಷಧಿ ಶುರುವಾಗಿ ಒಂಬತ್ತನೇ ದಿನ. ಜ್ವರ ಬಿಟ್ಟಿತ್ತು. ಬಾಲ ಆಡಿಸಲು ಶುರುಮಾಡಿದ್ದ, ತಟ್ಟೆ ನೆಕ್ಕಿ ಮುಗಿಸಿ ನನ್ನ ಮುಖ ನೋಡುತ್ತಿದ್ದ. ಅವತ್ತು ಬೆಳಗ್ಗೆ ಜಗಲಿಯ ಮೇಲೆ ಹಳದಿ ನೊರೆ ಕಕ್ಕಿದ. ಮರುದಿನ ಕಪ್ಪು ಬಣ್ಣದ ತೆಳ್ಳನೆ ಭೇದಿ. ಜ್ವರ ಜೋರಾಗಿದ್ದ ದಿನಗಳಲ್ಲೂ ನನಗೆ ಅಷ್ಟು ಭಯವಾಗಿರಲಿಲ್ಲ. ಆಗ ಕಾಯಿಲೆಗೊಂದು ಹೆಸರಿತ್ತು, ಡಾಕ್ಟರು ಕೊಟ್ಟ ಚೀಟಿಯಿತ್ತು. ಚೇತರಿಸಿಕೊಳ್ಳುತ್ತಿರುವ ನಾಯಿ ಹೀಗೆ ಮತ್ತೆ ಮುದುರಿ ಮಲಗಿದಾಗ ಮಾತ್ರ ಕಾಯಿಲೆ ಮರುಕಳಿಸಿತೋ, ಔಷಧಿ ಒಗ್ಗಲಿಲ್ಲವೋ, ನಾವೇ ಏನಾದರೂ ತಿನ್ನಿಸಿ ಕೆಡಿಸಿದೆವೋ ಎಂದು ಗೊತ್ತಾಗುವುದಿಲ್ಲ. ತೀರ್ಥಹಳ್ಳಿಯಿಂದಲೂ ಒಳಗಿರುವ ನಮ್ಮಂಥ ಊರುಗಳಲ್ಲಿ ನಡುರಾತ್ರಿ ಡಾಕ್ಟರು ಸಿಗುವುದೂ ಇಲ್ಲ. ಆಗ ನಾನು ಮಾಡಿದ್ದು, ಮಾಡಬಾರದಿತ್ತು ಎಂದು ಆಮೇಲೆ ತಿಳಿದದ್ದು, ಎರಡನ್ನೂ ಇಲ್ಲಿ ಬರೆದಿದ್ದೇನೆ.

ಮೊದಲು ಐದು ನಿಮಿಷದ ಪರೀಕ್ಷೆ

ವಾಂತಿ ಯಾಕೆ, ಭೇದಿ ಯಾಕೆ ಎಂದು ಯೋಚಿಸುವ ಮೊದಲು ನಾಯಿ ಈಗ ಯಾವ ಸ್ಥಿತಿಯಲ್ಲಿದೆ ಎಂದು ನೋಡಬೇಕು. ಮೇಲ್ದುಟಿ ಎತ್ತಿ ಒಸಡು ನೋಡಿ. ಗುಲಾಬಿ ಬಣ್ಣವಿರಬೇಕು, ಒದ್ದೆಯಾಗಿರಬೇಕು. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ನಮ್ಮ ನಾಡುನಾಯಿಗಳಲ್ಲಿ ಎಷ್ಟೋ ನಾಯಿಗಳಿಗೆ ಒಸಡೇ ಕಪ್ಪಿರುತ್ತದೆ. ಹಾಗಿದ್ದರೆ ಕಣ್ಣಿನ ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಗೆಳೆದು ಒಳಗಿನ ಬಣ್ಣ ನೋಡಿ. ಹೆಗಲ ಮೇಲಿನ ಚರ್ಮ ಎತ್ತಿ ಬಿಟ್ಟು ನೀರಿನಂಶ ಅಳೆಯುವ ರೂಢಿಯಿದೆ, ಆದರೆ ಕಾಯಿಲೆಯಿಂದ ಬಡಕಲಾದ ನಾಯಿಯಲ್ಲಿ ಚರ್ಮ ಹೇಗಿದ್ದರೂ ನಿಧಾನವಾಗಿ ಇಳಿಯುತ್ತದೆ. ಒಸಡು ಅಂಟಂಟಾಗಿದೆಯೇ ಎಂದು ಮುಟ್ಟಿ ನೋಡುವುದನ್ನೇ ನಾನು ಹೆಚ್ಚು ನಂಬುತ್ತೇನೆ. ಆಮೇಲೆ ಜ್ವರ. ಥರ್ಮಾಮೀಟರಿನ ತುದಿಗೆ ಕೊಬ್ಬರಿ ಎಣ್ಣೆ ಸವರಿ ಗುದದಲ್ಲಿಟ್ಟು ನೋಡಬೇಕು. ನಾಯಿಗೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. ಮನುಷ್ಯರ ಲೆಕ್ಕದಲ್ಲಿ 101 ನೋಡಿ ಗಾಬರಿಯಾಗುವವರು ಬಹಳ ಮಂದಿ.

ಒಸಡು ಬಿಳಿಚಿದ್ದರೆ ಅಥವಾ ಹಳದಿಯಾಗಿದ್ದರೆ, ವಾಂತಿಯಲ್ಲಿ ರಕ್ತ ಅಥವಾ ಕಾಫಿಪುಡಿಯಂಥ ಚೂರು ಕಂಡರೆ, ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಹೊಟ್ಟೆ ತಮಟೆಯಂತೆ ಬಿಗಿದು ಬರೀ ಓಕರಿಕೆ ಬಂದು ಏನೂ ಹೊರಗೆ ಬರದಿದ್ದರೆ ಈ ಬರಹ ಓದುತ್ತಾ ಕೂರಬೇಡಿ, ಹೊರಡಿ. ಜ್ವರ 103.5 ದಾಟಿದರೂ, 99ಕ್ಕಿಂತ ಕೆಳಗಿಳಿದರೂ ಹಾಗೆಯೇ. ಉಣುಗು ಜ್ವರದಿಂದ ಏಳುತ್ತಿರುವ ನಾಯಿಗೆ ಇನ್ನೊಂದು ಪರೀಕ್ಷೆಯೂ ಇದೆ: ಅಂಗಾತ ಮಲಗಿಸಿ ಹೊಟ್ಟೆಯ ಚರ್ಮ ನೋಡಿ. ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು ಎದ್ದಿದ್ದರೆ, ಮೂಗಿನಲ್ಲಿ ರಕ್ತ ಬರುತ್ತಿದ್ದರೆ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಇನ್ನೂ ಮೇಲೇರಿಲ್ಲ ಎಂಬ ಸಂಶಯ ಬರಬೇಕು. ಅಂಥ ನಾಯಿಯ ಮಲ ಕಪ್ಪಗಿದ್ದರೆ ಅದು ಹೊಟ್ಟೆಯೊಳಗೇ ಸೋರಿದ ರಕ್ತವಾಗಿರಬಹುದು. (ಹೊಳೆದಂಡೆಯಲ್ಲಿ ನೀರು ಕುಡಿಯುವ ನಾಯಿಯ ಮೂಗಿನೊಳಗೆ ಉಂಬಳ ಸೇರಿ ರಕ್ತ ಬರುವುದೂ ಉಂಟು. ಅದನ್ನು ನಿರ್ಧರಿಸುವ ಕೆಲಸ ಡಾಕ್ಟರಿಗೆ ಬಿಡಿ.)

ಏನೇ ಆಗಲಿ, ಮನೆಯಲ್ಲಿ ಮನುಷ್ಯರಿಗೆಂದು ಇಟ್ಟ ಮಾತ್ರೆ ಕೊಡಬೇಡಿ. ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಗೆ ಅಪಾಯಕಾರಿ, ಕೊನೆಯ ಎರಡಂತೂ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ. ಭೇದಿ ಕಟ್ಟುವ ಮಾತ್ರೆಯೂ ಬೇಡ. ಒಳಗಿರುವುದು ಹೊರಗೆ ಹೋಗಬೇಕಾದ ಸಮಯದಲ್ಲಿ ಅದು ಬಾಗಿಲು ಹಾಕಿಬಿಡುತ್ತದೆ.

ನಾನು ಮಾಡಿದ ತಪ್ಪು

ಬಂಟನ ಒಸಡು ಸರಿಯಿತ್ತು, ಜ್ವರವಿರಲಿಲ್ಲ, ನೀರು ಕುಡಿಯುತ್ತಿದ್ದ. ಆದರೂ ಅವತ್ತು ಒಂದೇ ದಿನ ನಾಲ್ಕು ಕೆಲಸ ಮಾಡಿದೆ. ಉಣುಗು ಜ್ವರದ ಕ್ಯಾಪ್ಸೂಲ್ ನಿಲ್ಲಿಸಿದೆ. ಅನ್ನಕ್ಕೆ ಹಾಕುತ್ತಿದ್ದ ತುಪ್ಪ ನಿಲ್ಲಿಸಿದೆ. ಅಮ್ಮ ಹೇಳಿದರೆಂದು ಮಜ್ಜಿಗೆ ಕೊಟ್ಟೆ. ಪೇಟೆಯ ಅಂಗಡಿಯಲ್ಲಿ ಕೇಳಿ ಜಂತುಮಾತ್ರೆ ತಂದು ಹಾಕಿದೆ. ಎರಡು ದಿನದಲ್ಲಿ ವಾಂತಿ ನಿಂತಿತು, ಭೇದಿ ಹಾಗೇ ಉಳಿಯಿತು.

ಡಾಕ್ಟರಿಗೆ ಫೋನ್ ಮಾಡಿದಾಗ ಅವರು ಕೇಳಿದ್ದು ಮೂರೇ ಪ್ರಶ್ನೆ. "ಯಾವುದು ಮೊದಲು ಶುರುವಾಯ್ತು? ಔಷಧಿ ಕೊಟ್ಟು ಎಷ್ಟು ಹೊತ್ತಿಗೆ ವಾಂತಿ? ಹೊಸದಾಗಿ ಏನು ಕೊಡ್ತಿದ್ದೀರಿ?" ಒಂದಕ್ಕೂ ನನ್ನ ಬಳಿ ಸರಿಯಾದ ಉತ್ತರವಿರಲಿಲ್ಲ. "ಡಾಕ್ಟ್ರೇ, ನಿನ್ನೆಯೋ ಮೊನ್ನೆಯೋ..." ಎಂದೆ. "ಮೊದಲು ಬರೆದಿಡಿ ಮಾರಾಯ್ರೆ. ಕ್ಯಾಪ್ಸೂಲ್ ಮಾತ್ರ ನೀವಾಗಿ ನಿಲ್ಲಿಸಬೇಡಿ, ಜ್ವರ ಮತ್ತೆ ಬಂದರೆ ಕಷ್ಟ" ಎಂದರು.

ಉಣುಗು ಜ್ವರದಲ್ಲಿ ಎರ್ಲಿಕಿಯಾ ಎಂಬ ಬಗೆಗೆ ಡಾಕ್ಸಿಸೈಕ್ಲಿನ್ ಕ್ಯಾಪ್ಸೂಲನ್ನು ಸಾಮಾನ್ಯವಾಗಿ 28 ದಿನ ಕೊಡುತ್ತಾರೆ. ನಾಯಿ ಮೂರ್ನಾಲ್ಕು ದಿನಕ್ಕೇ ಲವಲವಿಕೆಯಾಗುವುದರಿಂದ ಮಧ್ಯದಲ್ಲಿ ಬಿಡುವವರು ಬಹಳ. ಹೊಟ್ಟೆ ಕೆಟ್ಟಾಗ ಮೊದಲು ಕೈಬಿಡುವುದೂ ಅದನ್ನೇ. ನಾನು ಮಾಡಿದ್ದೂ ಅದೇ. ಡಾಕ್ಟರ ಮಾತಿನಂತೆ ಮತ್ತೆ ಶುರುಮಾಡಿದೆ.

ಅಡಿಕೆ ಮಂಡಿಯವರು ಕೊಟ್ಟ ಹಳೆಯ ಡೈರಿ ಮನೆಯಲ್ಲಿತ್ತು. ಅವತ್ತಿನಿಂದ ಅದರಲ್ಲಿ ಬರೆದೆ: ಎಷ್ಟು ಗಂಟೆಗೆ ಏನು ತಿಂದ, ಯಾವ ಔಷಧಿ, ಎಷ್ಟು ಗಂಟೆಗೆ ವಾಂತಿ, ಮಲ ಹೇಗಿತ್ತು, ಎಷ್ಟು ಸಲ, ಎಲ್ಲಿ ಮಲಗಿದ್ದ. ಒಂದು ಬದಲಾವಣೆ ಮಾಡಿದರೆ ಎರಡು ದಿನ ಬೇರೇನೂ ಬದಲಿಸದೆ ಕಾದೆ. ಈ ಡೈರಿಯಿಂದ ಗೊತ್ತಾದದ್ದು ಇಷ್ಟು: ನಮ್ಮಲ್ಲಿ ಮೂರು ಬೇರೆಬೇರೆ ದೋಷಗಳು ಒಂದರ ಮೇಲೊಂದು ಕೂತಿದ್ದವು. ನಾನು ಅದನ್ನು ಒಂದೇ ಕಾಯಿಲೆ ಎಂದುಕೊಂಡಿದ್ದೆ.

ವಾಂತಿ: ಗಡಿಯಾರ ನೋಡಿ

ಮೊದಲನೆಯದು ವಾಂತಿ. ಡೈರಿಯಲ್ಲಿ ಪ್ರತಿಸಲವೂ ಅದು ಬೆಳಗಿನ ಕ್ಯಾಪ್ಸೂಲ್ ಆದ ಅರ್ಧ ಮುಕ್ಕಾಲು ಗಂಟೆಗೆ ಬಂದಿತ್ತು. ತೋಟಕ್ಕೆ ಹೋಗುವ ಅವಸರದಲ್ಲಿ ಬರೀ ಹೊಟ್ಟೆಗೆ ಕ್ಯಾಪ್ಸೂಲ್ ನುಂಗಿಸಿ ಹೋಗುತ್ತಿದ್ದೆ. ಡಾಕ್ಸಿಸೈಕ್ಲಿನ್ ಖಾಲಿ ಹೊಟ್ಟೆಯನ್ನು ಕೆರಳಿಸುತ್ತದೆ. ಗಂಟಲಲ್ಲೇ ಅಂಟಿ ಕೂತರೆ ಅನ್ನನಾಳದಲ್ಲಿ ಹುಣ್ಣೂ ಆಗಬಹುದು. ಅರ್ಧ ಊಟ, ಆಮೇಲೆ ಕ್ಯಾಪ್ಸೂಲ್, ಮತ್ತೆ ಉಳಿದ ಅರ್ಧ ಊಟ, ಕೊನೆಗೆ ನಾಲ್ಕು ಚಮಚ ನೀರು. ಈ ಕ್ರಮಕ್ಕೆ ಬಂದ ದಿನದಿಂದ ಬಂಟ ಒಮ್ಮೆಯೂ ಕಕ್ಕಲಿಲ್ಲ. ಹಾಲಿನಲ್ಲಿ ಬೆರೆಸಿ ಕೊಡುವುದು ಸುಲಭವೆನಿಸುತ್ತದೆ, ಮಾಡಬೇಡಿ. ಹಾಲಿನ ಕ್ಯಾಲ್ಸಿಯಂ ಔಷಧಿಯನ್ನು ಹಿಡಿದುಕೊಂಡು ಮೈಗೆ ಪೂರ್ತಿ ಸೇರಲು ಬಿಡುವುದಿಲ್ಲ. ಕ್ಯಾಪ್ಸೂಲ್ ಕೊಟ್ಟ ಸ್ವಲ್ಪ ಹೊತ್ತಿಗೇ ವಾಂತಿಯಾದರೆ ಇನ್ನೊಂದು ಕೊಡುವ ಮೊದಲು ಡಾಕ್ಟರನ್ನು ಕೇಳಿ.

ವಾಂತಿಯೆಲ್ಲಾ ಔಷಧಿಯಿಂದಲೇ ಬರುವುದಿಲ್ಲ. ಔಷಧಿಗೆ ಸಂಬಂಧವಿಲ್ಲದೆ ನಸುಕಿನಲ್ಲಿ ಬರೀ ಹಳದಿ ನೊರೆ ಬಂದರೆ ರಾತ್ರಿಯಿಡೀ ಹೊಟ್ಟೆ ಖಾಲಿಯಿದ್ದು ಪಿತ್ತ ಮೇಲೆ ಬಂದಿರುವ ಸಂಭವ ಹೆಚ್ಚು. ಮಲಗುವ ಮುಂಚೆ ಒಂದು ಹಿಡಿ ಅನ್ನ ಕೊಟ್ಟು ನೋಡಿ. ಹೊಟ್ಟೆ ಹಿಂಡುವ ಪ್ರಯತ್ನವೇ ಇಲ್ಲದೆ, ತಲೆ ತಗ್ಗಿಸಿದ ಕೂಡಲೆ ತಿಂದದ್ದು ತಿಂದಂತೆಯೇ ಜಾರಿ ಬಿದ್ದರೆ ಅದು ವಾಂತಿಯಲ್ಲ, ಅನ್ನ ಹೊಟ್ಟೆಗೆ ಇಳಿದೇ ಇಲ್ಲ. ದೋಷ ಅನ್ನನಾಳದಲ್ಲಿದೆ. ಡಾಕ್ಟರಿಗೆ ಹೇಳುವಾಗ ಈ ವ್ಯತ್ಯಾಸ ತಪ್ಪದೆ ಹೇಳಿ, ಅವರು ಹುಡುಕುವ ಜಾಗವೇ ಬದಲಾಗುತ್ತದೆ. ಆರೆಂಟು ಗಂಟೆ ಕಳೆದರೂ ಅನ್ನದ ಅಗುಳು ಹಾಗೇ ಹೊರಗೆ ಬರುತ್ತಿದ್ದು ಮಲವೂ ಆಗದಿದ್ದರೆ ಏನೋ ಅಡ್ಡ ಸಿಕ್ಕಿದೆ. ಮಾವಿನ ಗೊರಟು, ಹಲಸಿನ ಬೇಳೆ, ಬೇಯಿಸಿದ ಕೋಳಿಮೂಳೆ, ಇವೇ ನಮ್ಮ ಕಡೆಯ ಸಾಮಾನ್ಯ ಅಪರಾಧಿಗಳು. ಮುಂಗಾಲು ನೆಲಕ್ಕೆ ಚಾಚಿ ಹಿಂಭಾಗ ಎತ್ತಿ ನಿಲ್ಲುತ್ತಿದ್ದರೆ ಹೊಟ್ಟೆಯಲ್ಲಿ ಜೋರು ನೋವಿದೆ ಎಂದರ್ಥ. ಸೊರಗಿದೆಯೆಂದು ಪ್ರೀತಿಯಿಂದ ಹಾಕಿದ ತುಪ್ಪ, ಕೋಳಿಯ ಕೊಬ್ಬು, ಚರ್ಮ ಇವುಗಳಿಂದ ಮೇದೋಜೀರಕ ಗ್ರಂಥಿ ಊದಿಕೊಂಡಾಗಲೂ ನಾಯಿ ಹೀಗೆ ನಿಲ್ಲುತ್ತದೆ. ಈ ಎರಡೂ ಮನೆಮದ್ದಿನ ವಿಷಯಗಳಲ್ಲ.

ಬೆಬೆಸಿಯಾ ಎಂಬ ಇನ್ನೊಂದು ಬಗೆಯ ಉಣುಗು ಜ್ವರಕ್ಕೆ ಕೊಡುವ ಇಮಿಡೋಕಾರ್ಬ್ ಇಂಜೆಕ್ಷನ್ ಆದ ಕೆಲವು ಗಂಟೆಯೊಳಗೆ ಜೊಲ್ಲು, ವಾಂತಿ, ಭೇದಿ ಆಗುವುದುಂಟು. ಇಂಜೆಕ್ಷನ್ ಹಾಕಿಸಿಕೊಂಡು ಬಂದ ದಿನವೇ ಶುರುವಾಗಿದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಕಪ್ಪು ಮಲ

ಎರಡನೆಯ ದೋಷ ನನ್ನನ್ನು ಹೆಚ್ಚು ಹೆದರಿಸಿದ್ದು. ಕಪ್ಪು ಮಲವೆಂದರೆ ರಕ್ತ ಎಂದು ಎಲ್ಲೋ ಕೇಳಿದ್ದೆ, ಅದು ಸುಳ್ಳೂ ಅಲ್ಲ. ಹೊಟ್ಟೆಯಲ್ಲಿ ಅಥವಾ ಸಣ್ಣಕರುಳಿನಲ್ಲಿ ಸೋರಿದ ರಕ್ತ ಜೀರ್ಣವಾಗಿ ಡಾಂಬರಿನಂತೆ ಕಪ್ಪಗೆ, ಅಂಟಾಗಿ, ಕೆಟ್ಟ ವಾಸನೆಯೊಂದಿಗೆ ಹೊರಬರುತ್ತದೆ. ಅಂಥ ಮಲದ ಸ್ವಲ್ಪ ಭಾಗವನ್ನು ಬಿಳಿ ಕಾಗದದ ಮೇಲೆ ಇಟ್ಟು ಎರಡು ಹನಿ ನೀರು ಹಾಕಿ ಸವರಿದರೆ ಅಂಚಿನಲ್ಲಿ ಕೆಂಪು ಛಾಯೆ ಕಾಣಬಹುದು. ಕಬ್ಬಿಣದ ಟಾನಿಕ್ಕಿನಿಂದ ಆದ ಕಪ್ಪು ಹಸಿರುಗಪ್ಪಾಗಿ ಹರಡುತ್ತದೆ. ಇದು ಸುಳಿವು ಮಾತ್ರ, ತೀರ್ಪು ಕೊಡಬೇಕಾದ್ದು ಲ್ಯಾಬು.

ನಮ್ಮ ಕಾಗದದಲ್ಲಿ ಕೆಂಪು ಕಾಣಲಿಲ್ಲ. ಹಿಂದಿನ ದಿನಗಳನ್ನು ನೆನೆದು ಲೆಕ್ಕ ಹಾಕಿದರೆ, ಮೈಯಲ್ಲಿ ರಕ್ತ ಕಡಿಮೆಯಾಗಿದೆಯೆಂದು ಭಾವ ತಂದುಕೊಟ್ಟ ಕಬ್ಬಿಣದ ಟಾನಿಕ್ ಶುರುಮಾಡಿದ ಮೂರನೇ ದಿನಕ್ಕೆ ಬಣ್ಣ ಬದಲಾಗಿತ್ತು. ಡಾಕ್ಟರಿಗೆ ಹೇಳಿದಾಗ ಅದನ್ನು ನಿಲ್ಲಿಸಲು ಹೇಳಿದರು. ಉಣುಗು ಜ್ವರದ ರಕ್ತಹೀನತೆ ಕಬ್ಬಿಣದ ಕೊರತೆಯಿಂದ ಬಂದಿದ್ದಲ್ಲ, ಜೊತೆಗೆ ಕಬ್ಬಿಣವೂ ಕ್ಯಾಲ್ಸಿಯಂನಂತೆಯೇ ಡಾಕ್ಸಿಸೈಕ್ಲಿನ್ನಿಗೆ ಅಡ್ಡಬರುತ್ತದೆ ಎಂದು ವಿವರಿಸಿದರು. ಎರಡು ದಿನದಲ್ಲಿ ಮಲದ ಬಣ್ಣ ಮಾಮೂಲಿಗೆ ಬಂತು. ಭಾವನಿಗೆ ಬೇಜಾರಾಗದ ಹಾಗೆ ಹೇಳಬೇಕಾಯಿತು. ಅವರೂ ಬಂಟನ ಮೇಲಿನ ಪ್ರೀತಿಯಿಂದಲೇ ತಂದಿದ್ದರು.

ಟಾನಿಕ್ ಕೊಡದೆಯೂ ಕಪ್ಪಗಿದ್ದರೆ ನಮ್ಮ ಕಡೆ ಕೊಕ್ಕೆಹುಳುವನ್ನು ಮರೆಯಬಾರದು. ಮಳೆಗಾಲದುದ್ದಕ್ಕೂ ಒದ್ದೆಯಾಗಿರುವ ಅಂಗಳ, ಕೊಟ್ಟಿಗೆಯ ಸುತ್ತಿನ ಮಣ್ಣು, ತೋಟದ ನೆರಳು ಅದರ ಮರಿಹುಳುಗಳಿಗೆ ಹೇಳಿಮಾಡಿಸಿದ ಜಾಗ. ಪಾದದ ಚರ್ಮದ ಮೂಲಕವೂ ಒಳಹೋಗುತ್ತವೆ, ಕರುಳಿಗೆ ಕಚ್ಚಿ ರಕ್ತ ಹೀರುತ್ತವೆ. ಮೊದಲೇ ರಕ್ತ ಇಳಿದಿರುವ ನಾಯಿಗೆ ಇದು ದೊಡ್ಡ ಪೆಟ್ಟು. ಹಾಗಂತ ನನ್ನಂತೆ ಅಂಗಡಿಯಿಂದ ಮಾತ್ರೆ ತಂದು ಅಂದಾಜಿನಲ್ಲಿ ಹಾಕಬೇಡಿ. ಮಲಪರೀಕ್ಷೆ ಮಾಡಿಸಿ, ತೂಕ ಹೇಳಿ, ಡಾಕ್ಟರು ಬರೆದ ಔಷಧಿಯನ್ನೇ ಕೊಡಿ.

ಬಣ್ಣದಷ್ಟೇ ಮುಖ್ಯವಾದದ್ದು ಪ್ರಮಾಣ. ದಿನಕ್ಕೆ ಎರಡು ಮೂರು ಸಲ, ಪ್ರತಿಸಲವೂ ರಾಶಿ, ನೀರುನೀರು, ಮೈ ಇಳಿಯುತ್ತಿದೆ ಎಂದರೆ ತೊಂದರೆ ಸಣ್ಣಕರುಳಿನದು. ಹತ್ತು ಸಲ ಮುಕ್ಕಿ ಮುಕ್ಕಿ ಸ್ವಲ್ಪ ಸ್ವಲ್ಪ, ಲೋಳೆ, ಕೊನೆಗೆ ಒಂದೆರಡು ಹನಿ ಕೆಂಪು ರಕ್ತ ಎಂದರೆ ದೊಡ್ಡಕರುಳಿನದು. ನೋಡುವುದಕ್ಕೆ ಎರಡನೆಯದು ಭೀಕರ, ಆದರೆ ಸೊರಗಿದ ನಾಯಿಯನ್ನು ಬೇಗ ಕುಗ್ಗಿಸುವುದು ಮೊದಲನೆಯದು. ಬೆಬೆಸಿಯಾ ಆದ ನಾಯಿಯ ಮಲ ಕಿತ್ತಳೆ ಬಣ್ಣಕ್ಕೆ, ಮೂತ್ರ ಕಡುಗಂದು ಬಣ್ಣಕ್ಕೆ ತಿರುಗಿದರೆ ರಕ್ತಕಣಗಳು ಮತ್ತೆ ಒಡೆಯುತ್ತಿರಬಹುದು, ತಡಮಾಡಬೇಡಿ. ಮೂರು ದಿನ ಏನೂ ತಿನ್ನದ ನಾಯಿಗೆ ಎರಡು ದಿನ ಮಲವೇ ಆಗದಿದ್ದರೆ, ಮಲವಿಲ್ಲ ಎಂಬುದಕ್ಕೇ ಚಿಂತೆ ಬೇಡ, ವಾಂತಿ ಇಲ್ಲದಿದ್ದರೆ ಸಾಕು. ಒಳಗೆ ಇದ್ದರಲ್ಲವೇ ಹೊರಗೆ ಬರುವುದು.

ಅಂಗಳದಲ್ಲಿ ಏನಿದೆ?

ಟಾನಿಕ್ ನಿಂತಿತು, ಕ್ಯಾಪ್ಸೂಲ್ ಊಟದ ಜೊತೆ ಹೋಗುತ್ತಿತ್ತು, ಮಲಪರೀಕ್ಷೆಯಲ್ಲಿ ಹುಳು ಕಾಣಲಿಲ್ಲ. ಆದರೂ ಬೆಳಗಾದರೆ ತೆಳ್ಳಗೆ ಭೇದಿ, ಜೊತೆಗೆ ಜೊಲ್ಲು. ಸಂಜೆಗೆ ಸರಿ. ನಾಲ್ಕು ದಿನ ಡೈರಿ ನೋಡಿದರೂ ಅರ್ಥವಾಗಲಿಲ್ಲ. ಆಮೇಲೆ "ಎಲ್ಲಿ ಮಲಗಿದ್ದ" ಎಂಬ ಸಾಲಿನ ಮೇಲೆ ಕಣ್ಣು ಬಿತ್ತು. ಅದು ಡಿಸೆಂಬರ್, ಅಡಿಕೆ ಸುಲಿಯುವ ಕಾಲ. ರಾತ್ರಿ ಅಂಗಳದಲ್ಲಿ ಸುಲಿಯುವವರು ಮೆಟ್ಟುಕತ್ತಿಯ ಮುಂದೆ ಕೂತಿರುತ್ತಿದ್ದರು, ಬಂಟ ಬೆಚ್ಚಗೆ ಅವರ ಪಕ್ಕದಲ್ಲೇ ಮಲಗುತ್ತಿದ್ದ. ಒಂದು ರಾತ್ರಿ ನಿದ್ದೆಗೆಟ್ಟು ಕಾದು ಕೂತೆ. ಹನ್ನೊಂದರ ಹೊತ್ತಿಗೆ ಉರುಳಿ ಬಂದ ಎಳೆಯ ಹಸಿ ಅಡಿಕೆಯನ್ನು ಕಾಲಲ್ಲಿ ಒತ್ತಿ ಹಿಡಿದು ಅಗಿಯುತ್ತಿದ್ದ!

ಅಡಿಕೆಯಲ್ಲಿರುವ ಅರೆಕೋಲಿನ್ ಕರುಳನ್ನು ಜೋರಾಗಿ ಹಿಂಡುತ್ತದೆ, ಜೊಲ್ಲು ಸುರಿಸುತ್ತದೆ. ಹಿಂದೆ ನಾಯಿಗಳ ಲಾಡಿಹುಳು ಹೊರಹಾಕಲು ಇದೇ ಅರೆಕೋಲಿನ್ನನ್ನು ಭೇದಿಯ ಔಷಧಿಯಾಗಿ ಬಳಸುತ್ತಿದ್ದರು. ಹೆಚ್ಚು ಒಳಹೋದರೆ ಭೇದಿಗಿಂತ ಗಂಭೀರ ತೊಂದರೆಯೇ ಆಗುತ್ತದೆ. ಮುಂಚೆ ಎಷ್ಟೋ ವರ್ಷ ಅಡಿಕೆ ರಾಶಿಯ ಪಕ್ಕ ಮಲಗಿದರೂ ಮೂಸದವನು ಈಗ ಯಾಕೆ ಅಗಿದ ಎಂದರೆ, ರಕ್ತ ಕಡಿಮೆಯಾದ ನಾಯಿಗಳು ಮಣ್ಣು, ಸುಣ್ಣ, ಇದ್ದಿಲು, ಸಿಕ್ಕಿದ್ದನ್ನೆಲ್ಲ ನೆಕ್ಕಿ ಅಗಿಯುವುದುಂಟು ಎಂದು ಡಾಕ್ಟರು ಹೇಳಿದರು. ಅವತ್ತಿನಿಂದ ರಾತ್ರಿ ಒಳಜಗಲಿಯಲ್ಲಿ ಕಟ್ಟಿಹಾಕಿದೆವು. ಎರಡನೇ ದಿನ ಗಟ್ಟಿ ಮಲ. ಅದನ್ನು ನೋಡಿ ನಾನೂ ಅಮ್ಮನೂ ಮಕ್ಕಳಂತೆ ಖುಷಿಪಟ್ಟೆವು.

ಮಲೆನಾಡಿನ ಮನೆಯ ಸುತ್ತ ಇಂಥದ್ದು ಇನ್ನೂ ಇವೆ, ತಿಂಗಳಿಗೆ ತಕ್ಕಂತೆ ಹುಡುಕಬೇಕು. ಮಳೆ ಹಿಡಿಯುವ ಹೊತ್ತಿಗೆ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಎಲ್ಲಕ್ಕಿಂತ ಕೆಟ್ಟದ್ದು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಕದಡಿದ ಡ್ರಮ್ಮಿನ ತಳದಲ್ಲಿ ಉಳಿದದ್ದನ್ನು, ಮೈಲುತುತ್ತ ಕರಗಿಸಿಟ್ಟ ಬಕೆಟನ್ನು ನಾಯಿ ನೆಕ್ಕಿದರೆ ನೀಲಿ ಹಸಿರು ವಾಂತಿಯಾಗುತ್ತದೆ. ಅದನ್ನು ಕಂಡ ಕೂಡಲೆ ಡಾಕ್ಟರ ಹತ್ತಿರ ಓಡಬೇಕು. ಕೊಪ್ಪ, ಶೃಂಗೇರಿ ಕಡೆಯವರ ಕಾಫಿ ಕಣದಲ್ಲಿ ಒಣಹಾಕಿದ ಹಣ್ಣಿನ ಕೆಫೀನ್ ನಾಯಿಯ ಎದೆಬಡಿತ ಏರಿಸುತ್ತದೆ. ಕೊಟ್ಟಿಗೆಯಲ್ಲಿ ದನ ಕರು ಹಾಕಿದ ದಿನ ಹೊರಬಿದ್ದ ಕಸ (ಮಾಸು) ತಿಂದು ಬಂದು ಕಕ್ಕುವುದು ಎಲ್ಲರಿಗೂ ಗೊತ್ತಿರುವುದೇ. ಊಟದ ಎಲೆಯಲ್ಲಿ ಉಳಿದ ಹುಳಿ, ಸಾರನ್ನು ಅನ್ನಕ್ಕೆ ಕಲಸಿ ಹಾಕುವ ಅಭ್ಯಾಸ ಮಾತ್ರ ಬಿಡಲೇಬೇಕು: ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನೇ ಒಡೆಯುತ್ತವೆ. ಉಣುಗು ಜ್ವರದಿಂದ ಎದ್ದ ನಾಯಿಗೆ ಅದು ಎರಡನೇ ಏಟು.

ಪಕ್ಕದ ಮನೆಯ ಅತ್ತಿಗೆ ಒಂದು ದಿನ ಬೇಲಿಯಾಚೆಯಿಂದಲೇ "ಇದು ಮಂಗನ ಕಾಯಿಲೆಯಲ್ಲ ಅಲ್ದನ?" ಎಂದು ಕೇಳಿದರು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಆ ಕಾಯಿಲೆಯ ಭಯ ನಮ್ಮ ಜಿಲ್ಲೆಯವರ ಮನಸ್ಸಿನಿಂದ ಹೋಗುವಂಥದ್ದಲ್ಲ. ಅದು ವೈರಸ್ಸಿನಿಂದ ಬರುವುದು, ನಾಯಿಯ ಉಣುಗು ಜ್ವರ ಬೇರೆ ರೋಗಾಣುಗಳದ್ದು, ಹರಡುವ ಉಣುಗಿನ ಜಾತಿಯೂ ಬೇರೆ. ಆದರೂ ಕಾಡಂಚಿಗೆ ಹೋಗಿ ಬಂದ ನಾಯಿಯ ಕಿವಿ, ಬೆರಳ ಸಂದು ನೋಡದೆ ಒಳಗೆ ಬಿಡಬಾರದು ಎನ್ನುವುದರಲ್ಲಿ ಅತ್ತಿಗೆಯ ಮಾತು ಸರಿ.

ತಟ್ಟೆಗೆ ಎಷ್ಟು, ಏನು

ಉಪವಾಸ ಹಾಕಿದರೆ ಹೊಟ್ಟೆ ಸರಿಹೋಗುತ್ತದೆ ಎಂಬ ಮಾತು ಹಳೆಯದು. ಸೊರಗಿದ ನಾಯಿಗೆ ಅದು ಒಳ್ಳೆಯದಲ್ಲ, ಪಾರ್ವೋ ಎಂಬ ವೈರಸ್ ಕಾಯಿಲೆಯಿಂದ ಉಳಿದ ಮರಿಗಳಿಗಂತೂ ಬೇಡವೇ ಬೇಡ. ಪಾರ್ವೋ ಕರುಳಿನ ಒಳಪದರವನ್ನೇ ಕೆರೆದು ಹಾಕಿರುತ್ತದೆ, ಅದು ಮತ್ತೆ ಬೆಳೆಯಲು ಆಹಾರ ಬೇಕು. ವಾಂತಿ ನಿಂತ ಮೇಲೆ ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ನಾಲ್ಕೈದು ಸಲ ಕೊಡುವುದು ಮೇಲು.

ಬಂಟ ಆಗ 16 ಕೆಜಿ. ಆ ತೂಕದ ನಾಯಿ ಸುಮ್ಮನೆ ಮಲಗಿರಲೂ ದಿನಕ್ಕೆ ಸುಮಾರು 560 ಕ್ಯಾಲರಿ ಬೇಕು. ಮೆತ್ತಗೆ ಬೇಯಿಸಿದ ಅನ್ನ 250 ಗ್ರಾಂ, ಚರ್ಮ ಕೊಬ್ಬು ತೆಗೆದು ಉಪ್ಪು ಖಾರವಿಲ್ಲದೆ ಬೇಯಿಸಿದ ಕೋಳಿಯ ಎದೆಮಾಂಸ 140 ಗ್ರಾಂ ಸೇರಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಮೊದಲ ದಿನ ಇದರ ಮೂರನೇ ಒಂದು ಭಾಗ, ಮರುದಿನ ಮೂರನೇ ಎರಡು, ಮೂರನೇ ದಿನ ಪೂರ್ತಿ. ಮೇಲೆ ಎರಡು ಚಮಚ ಬೇಯಿಸಿದ ಸಿಹಿಗುಂಬಳ ಹಿಸುಕಿ ಹಾಕುತ್ತಿದ್ದೆವು. ಮಾಂಸ ಮಾಡದ ಮನೆಗಳಲ್ಲಿ ಬೇಯಿಸಿದ ಮೊಟ್ಟೆಯನ್ನೋ ಪನೀರನ್ನೋ ಹಾಕಬಹುದು, ಪನೀರನ್ನು ಕ್ಯಾಪ್ಸೂಲಿನಿಂದ ಎರಡು ಮೂರು ಗಂಟೆ ದೂರವಿಡಿ. ಬರೀ ಗಂಜಿಯಲ್ಲೇ ವಾರಗಟ್ಟಲೆ ಇಟ್ಟರೆ ಕರಗಿದ ಮಾಂಸ ಮತ್ತೆ ಮೈಗೆ ಬರುವುದಿಲ್ಲ. ನೀರು ಕೆಜಿಗೆ 50ರಿಂದ 60 ಮಿಲಿ ಲೆಕ್ಕದಲ್ಲಿ ದಿನಕ್ಕೆ 800ರಿಂದ 960 ಮಿಲಿ, ಭೇದಿಯಿದ್ದರೆ ಅದಕ್ಕೂ ಹೆಚ್ಚು. ಅಳೆದ ತಂಬಿಗೆಯಲ್ಲಿ ಹಾಕಿಟ್ಟು ಸಂಜೆ ಎಷ್ಟು ಉಳಿದಿದೆ ಎಂದು ನೋಡಿದರೆ ಕುಡಿದದ್ದು ತಿಳಿಯುತ್ತದೆ. ಮಲ ಗಟ್ಟಿಯಾಗಿ ಮೂರು ದಿನ ಕಳೆದ ಮೇಲೆ ಹಳೆಯ ಊಟವನ್ನು ಒಂದು ವಾರದಲ್ಲಿ ಸ್ವಲ್ಪ ಸ್ವಲ್ಪ ಬೆರೆಸುತ್ತಾ ಮರಳಿಸಬೇಕು. ಮಧ್ಯೆ ಮತ್ತೆ ತೆಳ್ಳಗಾದರೆ ಒಂದು ಹೆಜ್ಜೆ ಹಿಂದಕ್ಕೆ.

ಡಾಕ್ಟರ ಬಳಿ ಹೋಗುವಾಗ

ಇಷ್ಟು ಮಾಡಿಯೂ ಎರಡು ದಿನದಲ್ಲಿ ಸುಧಾರಿಸದಿದ್ದರೆ ಹೋಗಲೇಬೇಕು. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ದೂರವಾದರೂ ರಕ್ತಪರೀಕ್ಷೆ ಬೇಕಾದಾಗ ಅತ್ತ ಹೋಗುವುದೇ ಲೇಸು. ಅವತ್ತಿನ ಬೆಳಗಿನ ಮಲವನ್ನು, ಮಣ್ಣು ತಾಗದ ಮೇಲಿನ ಭಾಗವನ್ನು, ಒಣಗಿದ ಸ್ವಚ್ಛ ಡಬ್ಬಿಯಲ್ಲಿ ಮುಚ್ಚಿ ಒಯ್ಯಿರಿ. ಬಸ್ಸಿನಲ್ಲಿ ಬಿಸಿಲು ಬೀಳುವ ಕಡೆ ಇಡಬೇಡಿ. ವಾಂತಿಯ ಫೋಟೋ, ಓಕರಿಸುವಾಗಿನ ವಿಡಿಯೋ ಫೋನಿನಲ್ಲಿರಲಿ, ಅಲ್ಲಿ ಹೋದಾಗ ನಾಯಿ ಏನೂ ಆಗಿಲ್ಲದಂತೆ ನಿಂತಿರುತ್ತದೆ. ಕೊಟ್ಟ ಔಷಧಿಗಳ ಖಾಲಿ ಸ್ಟ್ರಿಪ್, ಟಾನಿಕ್ಕಿನ ಬಾಟಲಿ, ಅಂಗಡಿಯಲ್ಲಿ ಕೇಳಿ ತಂದದ್ದೂ ಸೇರಿ ಎಲ್ಲವನ್ನೂ ಚೀಲದಲ್ಲಿ ಹಾಕಿಕೊಳ್ಳಿ. ಬೈಸಿಕೊಳ್ಳಬೇಕಾದೀತೆಂದು ಯಾವುದನ್ನೂ ಬಚ್ಚಿಡಬೇಡಿ.

ಬಂಟನ 28 ದಿನ ಮುಗಿದ ಮೇಲೆ ರಕ್ತ ಮತ್ತೊಮ್ಮೆ ನೋಡಿಸಿದೆವು. ಪ್ಲೇಟ್‌ಲೆಟ್ ಸರಿಯಾಗಿತ್ತು, ತೂಕ ಒಂದೂವರೆ ಕೆಜಿ ಏರಿತ್ತು. ಡೈರಿಯಲ್ಲಿ ಕೊನೆಯ ಸಾಲು ಅಮ್ಮನ ಕೈಬರಹದಲ್ಲಿದೆ: "ಬೆಳಗ್ಗೆ 7, ಗಟ್ಟಿ. ಅನ್ನ ಪೂರ್ತಿ ಖಾಲಿ. ಕೋತಿ ಓಡಿಸಲು ತೋಟಕ್ಕೆ ಹೋದ."